ಹಸಿರು ಕಾರಿಗೆ ಬೆಣ್ಣೆ ಬಣ್ಣದ ಪಟ್ಟೆ

2006ರಲ್ಲಿ ನಾನು ಹೊಸೂರಿನ ಬಾಗಲೂರು ರಸ್ತೆಯಲ್ಲಿ ಒಂದು ಸ್ಟಿಕ್ಕರ್ ಅಂಗಡಿ ನಡೆಸುತ್ತಿದ್ದೆ. ಜನರ ಬಾಯಲ್ಲಿ ಅದು ‘ರೇಡಿಯಂ ಅಂಗಡಿ’. ರೇಡಿಯಮ್ಮಿಗೂ ನಮಗೂ ಯಾವ ಸಂಬಂಧವೂ ಇಲ್ಲ. ಬೆಳಕು ಬಿದ್ದರೆ ಹೊಳೆಯುವ ಹಾಳೆಗೆ ಯಾರೋ ಪುಣ್ಯಾತ್ಮರು ಆ ಹೆಸರಿಟ್ಟರು, ಅದೇ ನಿಂತುಬಿಟ್ಟಿತು. ನಂಬರ್ ಪ್ಲೇಟು, ಲಾರಿಯ ಹಿಂಬದಿಗೆ ದೇವರ ಹೆಸರು, ಸಾನಮಾವು ಕಾಡಿನ ದಾರಿಯಲ್ಲಿ ಕತ್ತಲಾದ ಮೇಲೂ ಓಡಾಡುವ ಟ್ರ್ಯಾಕ್ಟರುಗಳಿಗೆ ಹೊಳೆಯುವ ಕೆಂಪು ಪಟ್ಟಿ, ಹುಡುಗರ ಬೈಕಿಗೆ ಬೆಂಕಿಯ ಚಿತ್ರ, ಇವು ನನ್ನ ಹೊಟ್ಟೆಪಾಡು. ಬೆಂಕಿಯ ಚಿತ್ರ ಅಂಟಿಸಿದ್ದರಿಂದ ಯಾವ ಬೈಕೂ ಜೋರಾಗಿ ಓಡಿದ್ದನ್ನು ನಾನು ಕಂಡಿಲ್ಲ. ಆದರೂ ಕೇಳಿದವರಿಗೆ ಅಂಟಿಸಿಕೊಟ್ಟಿದ್ದೇನೆ.

ಅದಕ್ಕೂ ಮೊದಲು ಹದಿನೆಂಟು ವರ್ಷ ನಾನು ಮೋಟಾರ್ ಕಾರ್ಖಾನೆಗಳಿಗೆ ಸ್ಟಿಕ್ಕರ್ ಮಾಡಿ ಕೊಡುವ ಒಂದು ಸಣ್ಣ ಘಟಕದಲ್ಲಿ ‘ಕಲರ್ ಮ್ಯಾಚಿಂಗ್’ ವಿಭಾಗದಲ್ಲಿದ್ದೆ. ಕಾರ್ಖಾನೆಯವರು ಒಪ್ಪಿದ ಬಣ್ಣದ ತುಂಡನ್ನೂ ನಮ್ಮಲ್ಲಿ ಅಚ್ಚಾದ ತುಂಡನ್ನೂ ಒಂದು ಬೆಳಕಿನ ಪೆಟ್ಟಿಗೆಯೊಳಗೆ ಅಕ್ಕಪಕ್ಕ ಇಟ್ಟು, ಬೇರೆ ಬೇರೆ ದೀಪ ಹಾಕಿ, ಎರಡೂ ಒಂದೇ ಹೌದೋ ಅಲ್ಲವೋ ಹೇಳುವುದು ಕೆಲಸ. ಆ ಮೇಜಿನ ಸುತ್ತ ಕೂತವರು ನಾವು ನಾಲ್ವರೂ ಹೆಂಗಸರೇ. ಕೆಂಪು ಹಸಿರಿನ ವ್ಯತ್ಯಾಸ ಕಾಣದ ದೋಷ ಗಂಡಸರಲ್ಲಿ ಹೆಚ್ಚು, ನಮ್ಮಲ್ಲಿ ಬಲು ಅಪರೂಪ. ಹಾಗಾಗಿ ನಮ್ಮ ಮ್ಯಾನೇಜರ್ ಆ ಮೇಜಿಗೆ ಹೆಂಗಸರನ್ನೇ ಹಾಕುತ್ತಿದ್ದರು. ದಿನವಿಡೀ ‘ಇದು ಸ್ವಲ್ಪ ನೀಲಿಗೆ ವಾಲಿದೆ’, ‘ಇಲ್ಲ ಕಣೇ, ನಿನ್ನ ಸೀರೆಯ ಛಾಯೆ ಬಿದ್ದಿದೆ’ ಎಂದು ಜಗಳವಾಡುವುದೇ ನಮ್ಮ ವೃತ್ತಿ. 2003ರಲ್ಲಿ ಆ ಕೆಲಸಕ್ಕೆ ಯಂತ್ರ ಬಂತು. ನಮಗೆ ವಿ.ಆರ್.ಎಸ್., ಅಂದರೆ ಸ್ವಯಂ ನಿವೃತ್ತಿ ಕೊಟ್ಟು, ಹಾರ ಹಾಕಿ ಕಳಿಸಿದರು.

ಉಳಿದ ಮೂವರು ತಮ್ಮ ತಮ್ಮ ಸಂಸಾರ ಸೇರಿಕೊಂಡರು. ನನಗೆ ಮದುವೆಯಾಗಿರಲಿಲ್ಲ. ಯಾಕೆ ಎಂಬುದು ಈ ಬರಹಕ್ಕೆ ಸಂಬಂಧಪಟ್ಟದ್ದಲ್ಲ. ಅಪ್ಪ ಅಮ್ಮ ತೀರಿಕೊಂಡಿದ್ದರು, ಅಣ್ಣ ಮಾಲೂರಿನಲ್ಲಿದ್ದ. ಅಂಗಡಿಯಲ್ಲಿ ಕೆಲಸಕ್ಕೇನೂ ಕೊರತೆ ಇರಲಿಲ್ಲ. ಆದರೆ ಒಂದು ಬಣ್ಣವನ್ನು ಕೈಯಲ್ಲಿ ಹಿಡಿದು ‘ಇದು ಸರಿ ಇದೆಯಾ ನೋಡೇ’ ಎಂದು ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಹದಿನೆಂಟು ವರ್ಷದ ಅಭ್ಯಾಸ, ಒಮ್ಮೊಮ್ಮೆ ಬಾಯಿಂದ ಬಂದೇಬಿಡುತ್ತಿತ್ತು. ಆಮೇಲೆ ಖಾಲಿ ಅಂಗಡಿಯನ್ನು ನೋಡಿ ನಾಚಿಕೆಯಾಗುತ್ತಿತ್ತು.

ಆ ವರ್ಷ ಮಾರ್ಚ್ ತಿಂಗಳಲ್ಲಿ ಒಂದು ಬೆಳಿಗ್ಗೆ ಅಂಗಡಿ ಮುಂದೆ ಎರಡೇ ಸೀಟಿನ, ಮೇಲೆ ಚಾವಣಿ ಇಲ್ಲದ ಪುಟ್ಟ ಸ್ಪೋರ್ಟ್ಸ್ ಕಾರು ಬಂದು ನಿಂತಿತು. ಫೈಬರ್ ಮೈ, ಗಾಢ ಹಸಿರು ಬಣ್ಣ, ಇನ್ನೂ ಪೇಂಟಿನ ವಾಸನೆ. ಹೊಸೂರಿನಲ್ಲಿ ಅಂಥ ಕಾರು ಬಂದರೆ ಟೀ ಅಂಗಡಿಯವರು ಲೋಟ ಕೆಳಗಿಟ್ಟು ನೋಡುತ್ತಾರೆ, ನೋಡಿದರು. ಇಳಿದು ಬಂದವರು ಸುಮಾರು ಐವತ್ತರ ಒಬ್ಬ ರೈತರು. ಬಿಳಿ ಅಂಗಿ, ಪಂಚೆ, ಹೆಗಲ ಮೇಲೆ ಟವೆಲ್. ಹೆಸರು ಮುನಿರಾಜಪ್ಪ, ಬಾಗಲೂರಿನ ಹತ್ತಿರದ ಹಳ್ಳಿ, ಪಾಲಿಹೌಸ್ ಹಾಕಿ ಗುಲಾಬಿ ಬೆಳೆಯುವವರು. ಬೆಂಗಳೂರಿನಲ್ಲಿ ಯಾರೋ ಮಾರಿದ ಹಳೆಯ ಕಾರನ್ನು ಕೊಂಡು, ಕೃಷ್ಣಗಿರಿಯಲ್ಲಿ ಹೊಸದಾಗಿ ಪೇಂಟ್ ಮಾಡಿಸಿದ್ದರು.

“ಪಟ್ಟೆ ಹೊಡೀಬೇಕು ಮೇಡಂ. ಈ ತುದಿಯಿಂದ ಆ ತುದಿಗಂಟ. ರೇಸ್ ಕಾರಿಗೆ ಇರ್ತದಲ್ಲ, ಅಂಗೆ” ಎಂದರು.

ನನಗೆ ಖುಷಿಯಾಯಿತು. ನಂಬರ್ ಪ್ಲೇಟು ಬರೆದೂ ಬರೆದೂ ಜೀವ ಬೇಸತ್ತಿತ್ತು. ಸ್ಟಿಕ್ಕರ್ ಮಾಡುವ ವಿನೈಲ್ ಹಾಳೆಯಲ್ಲಿ ಹೊಳಪಿನ ಕೆಂಪಿನ ಒಂದಡಿ ತುಂಡು ಕತ್ತರಿಸಿ, ಮಾದರಿಗೆಂದು ಬಾನೆಟ್ ಮೇಲೆ ಹಗುರಾಗಿ ಅಂಟಿಸಿ ಹಿಂದೆ ಸರಿದು ನಿಂತೆ. ಗಾಢ ಹಸಿರಿನ ಮೇಲೆ ಆ ಕೆಂಪು ಬೀದಿಯ ಆ ಬದಿಗೂ ಕಾಣುವ ಹಾಗೆ ಉರಿಯುತ್ತಿತ್ತು. ಅವರು ಹತ್ತಿರ ಬಂದು ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ನೋಡಿ, ಮೆಲ್ಲಗೆ, “ಅಂಟ್ಸಿದ್ರಾ?” ಎಂದು ಕೇಳಿದರು.

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅಷ್ಟರಲ್ಲಿ ಅವರು ಬಾನೆಟ್ ಮೇಲೆ ಬೆರಳಾಡಿಸುತ್ತಾ ಹೋದರು. ಉಗುರಿಗೆ ವಿನೈಲಿನ ಅಂಚು ಸಿಕ್ಕಿತು, ಅಲ್ಲಿ ಬೆರಳು ನಿಂತಿತು. ನನಗೆ ಅರ್ಥವಾಯಿತು. ನನಗೆ ಅರ್ಥವಾಯಿತೆಂದು ಅವರಿಗೂ ಅರ್ಥವಾಯಿತು. ಟೀ ಅಂಗಡಿಯ ಕಡೆ ಒಮ್ಮೆ ನೋಡಿ, “ಒಳಗ್ ಕೂತು ಮಾತಾಡಣ್ವಾ?” ಎಂದರು.

ಒಳಗೆ ಸ್ಟೂಲಿನ ಮೇಲೆ ಕೂತು ಅವರು ಹೇಳಿದ್ದನ್ನು ಚಿಕ್ಕದಾಗಿ ಬರೆಯುತ್ತೇನೆ. ಹುಟ್ಟಿದಾಗಿನಿಂದ ಅವರಿಗೆ ಕೆಂಪು, ಹಸಿರು, ಕಂದು ಎಲ್ಲ ಹೆಚ್ಚು ಕಡಿಮೆ ಒಂದೇ. ಹೊಸೂರಿಗೆ ಕಾರ್ಖಾನೆಗಳು ಬಂದ ಹೊಸತರಲ್ಲಿ ಅವರ ಹಳ್ಳಿಯ ಓರಗೆಯ ಹುಡುಗರೆಲ್ಲ ಒಟ್ಟಿಗೆ ಕೆಲಸಕ್ಕೆ ಅರ್ಜಿ ಹಾಕಿದರು. ವೈದ್ಯಕೀಯ ಪರೀಕ್ಷೆಯಲ್ಲಿ ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸುತ್ತಾರೆ. ಚುಕ್ಕಿಗಳ ನಡುವೆ ಅಡಗಿರುವ ಅಂಕಿಯನ್ನು ಓದಿ ಹೇಳಬೇಕು. ಇವರೊಬ್ಬರಿಗೆ ಅಂಕಿ ಕಾಣಲಿಲ್ಲ. ಉಳಿದವರೆಲ್ಲ ಸೇರಿಕೊಂಡರು. ಮರುದಿನದಿಂದ ಶಿಫ್ಟ್ ಬಸ್ಸಿನ ಕಿಟಕಿಗಳಲ್ಲಿ ಗೆಳೆಯರ ಮುಖಗಳು, ರಸ್ತೆ ಪಕ್ಕದ ಹೊಲದಲ್ಲಿ ಇವರು. ತಿಮ್ಮರಾಯಪ್ಪ ಎಂಬ ಆಪ್ತ ಗೆಳೆಯನೇ ಇವರಿಗೆ ‘ಸಿಗ್ನಲ್’ ಎಂದು ಹೆಸರಿಟ್ಟನಂತೆ. ಬಸ್ಸು ಹೊಲ ದಾಟುವಾಗಲೆಲ್ಲ ಒಳಗಿನಿಂದ ‘ಲೇ ಸಿಗ್ನಲ್’ ಎಂಬ ಕೂಗು, ಆಮೇಲೆ ನಗು.

“ಹೆಂಡ್ತಿ ಇರೋವಾಗ ಗೊತ್ತಾಗ್ತಿರ್ಲಿಲ್ಲ” ಎಂದರು. “ಅಂಗಿ ಅವ್ಳೇ ತತ್ತಿದ್ಲು, ಹೂ ಅವ್ಳೇ ಆರಿಸ್ತಿದ್ಲು. ಗೋಡೆಗೆ ಬಣ್ಣನೂ ಅವ್ಳೇ. ಮೂರು ವರ್ಷಾತು ಹೋಗ್ಬುಟ್ಟು. ಈವಾಗ ಎಲ್ಲಾನೂ ಅಂಗಡಿಯೋರು ಹೇಳಿದ್ದು, ಕೂಲಿಯೋರು ಹೇಳಿದ್ದು. ನಾನು ಆರಿಸಿದ್ದು ಅಂತ ಮನೇಲಿ ಒಂದ್ ಸಾಮಾನಿಲ್ಲ.”

ಏಪ್ರಿಲ್ ಕೊನೆಗೆ ತಿಮ್ಮರಾಯಪ್ಪನೂ ವಿ.ಆರ್.ಎಸ್. ತೆಗೆದುಕೊಳ್ಳುತ್ತಿದ್ದರು. ಆ ಓರಗೆಯಲ್ಲಿ ಕಾರ್ಖಾನೆಯಲ್ಲಿ ಉಳಿದಿದ್ದ ಕೊನೆಯವರು ಅವರೇ. ಬಾಗಲೂರಿನ ಕಲ್ಯಾಣ ಮಂಟಪದಲ್ಲಿ ಗೆಳೆಯರೆಲ್ಲ ಸೇರಿ ಊಟ ಹಾಕಿಸುವವರಿದ್ದರು.

“ಅವತ್ತು ಈ ಕಾರಲ್ಲಿ ಹೋಗ್ಬೇಕು ಮೇಡಂ. ಪಟ್ಟೆ ನಾನೇ ಆರಿಸ್ಬೇಕು, ನನ್ ಕಣ್ಗೆ ಕಾಣ್ಬೇಕು. ನೋಡ್ದೋರು ನಗಬಾರ್ದು. ಇಷ್ಟೇ ನಂದು.”

ಇಷ್ಟೇ ಅಂತೆ! ಕಾರ್ಖಾನೆಯಲ್ಲಿ ನಾಲ್ಕು ಜೊತೆ ಒಳ್ಳೆಯ ಕಣ್ಣುಗಳನ್ನು ಒಪ್ಪಿಸಲು ನಾವು ತಿಂಗಳುಗಟ್ಟಲೆ ಒದ್ದಾಡಿದ್ದೆವು. ಇಲ್ಲಿ ಎರಡು ಬೇರೆ ಬೇರೆ ಲೋಕದ ಕಣ್ಣುಗಳಿಗೆ ಒಂದೇ ಪಟ್ಟೆ ಚೆಂದ ಕಾಣಬೇಕು. ಅವರು ಕಾರು ಕೊಳ್ಳುವಾಗ ಮಾರಿದವನು ಹಸಿರು ಎಂದನಂತೆ, ಹೆಂಡತಿಗೆ ಇಷ್ಟವಾದ ಬಣ್ಣವೆಂದು ಪೇಂಟರಿಗೂ ಅದನ್ನೇ ಹೇಳಿದರಂತೆ. “ಹಸ್ರೇ ಅಲ್ವಾ ಮೇಡಂ?” ಎಂದು ನನ್ನ ಮುಖ ನೋಡಿದರು. ಹೌದು, ಒಳ್ಳೆಯ ಹಸಿರು ಎಂದೆ. ಅವರ ಮುಖ ನಿರಾಳವಾಯಿತು. ಒಬ್ಬ ಮನುಷ್ಯ ತನ್ನ ಕಾರಿನ ಬಣ್ಣವನ್ನು ಗುರುತು ಪರಿಚಯ ಇಲ್ಲದವಳ ಮಾತಿನ ಮೇಲೆ ನಂಬಬೇಕು ಎಂಬುದು ನನಗೆ ಹಿಂದೆಂದೂ ಹೊಳೆದಿರಲಿಲ್ಲ.

ಲೈಸೆನ್ಸ್ ವಿಷಯ ಕೇಳಿದೆ. ಟ್ರ್ಯಾಕ್ಟರಿಗೆ ಮಾಡಿಸುವ ಕಾಲಕ್ಕೆ ಯಾರೂ ಚುಕ್ಕಿ ಪುಸ್ತಕ ತೋರಿಸಲಿಲ್ಲವಂತೆ. “ಮೇಲ್ಗಡೆ ದೀಪ ಉರಿದ್ರೆ ನಿಲ್ತೀನಿ, ಕೆಳಗಡೆದು ಉರಿದ್ರೆ ಹೋಗ್ತೀನಿ” ಎಂದರು. ನನಗೆ ಅದು ಅಷ್ಟು ಒಪ್ಪಿಗೆಯಾಗಲಿಲ್ಲ, ಹಾಗೆಂದು ಹೇಳಿದೆ ಕೂಡ. ಅವರು ನಕ್ಕರು.

ಪಟ್ಟೆಯನ್ನು ಕೂಡಲೇ ಅಂಟಿಸುವ ಹಾಗಿರಲಿಲ್ಲ. ಹೊಸ ಪೇಂಟು ಮೇಲೆ ಒಣಗಿದಂತೆ ಕಂಡರೂ ಒಳಗಿನ ಥಿನ್ನರ್ ವಾರಗಟ್ಟಲೆ ಆವಿಯಾಗಿ ಹೊರಬರುತ್ತಿರುತ್ತದೆ. ಆತುರಪಟ್ಟು ವಿನೈಲ್ ಮುಚ್ಚಿದರೆ ಆ ಆವಿ ಹೊರಹೋಗಲಾರದೆ ಗುಳ್ಳೆ ಗುಳ್ಳೆಯಾಗಿ ಏಳುತ್ತದೆ. ಹಾಗಾಗಿ ತಿಂಗಳ ಮಟ್ಟಿಗೆ ಕಾಯೋಣ, ಅಷ್ಟರಲ್ಲಿ ಬಣ್ಣ ಆರಿಸೋಣ ಎಂದೆ. ಅಲ್ಲಿಂದ ಅವರು ವಾರಕ್ಕೆರಡು ಸಲ, ಹೂವು ಮಾರುಕಟ್ಟೆಗೆ ಹಾಕಿ ಬರುವಾಗ, ಅಂಗಡಿಗೆ ಬರತೊಡಗಿದರು. ಬರುವಾಗ ಒಂದು ಕಟ್ಟು ಗುಲಾಬಿ. ಬೇಡವೆಂದರೂ ಬಿಡುತ್ತಿರಲಿಲ್ಲ. ನಾನು ಅವನ್ನು ಸ್ಕ್ವೀಜಿ ನೆನೆಸುವ ಬಕೆಟ್ಟಿನಲ್ಲಿ ಇಡುತ್ತಿದ್ದೆ. ಸ್ಕ್ವೀಜಿ ಎಂದರೆ ವಿನೈಲಿನಡಿಯ ನೀರು, ಗಾಳಿ ನೂಕಿ ತೆಗೆಯುವ ಪ್ಲಾಸ್ಟಿಕ್ ಪಟ್ಟಿ.

ಅವರ ಕಣ್ಣಿಗೆ ಹೇಗೆ ಕಾಣುತ್ತದೆಂದು ತಿಳಿಯಲು ನಾನು ಪಕ್ಕದ ಜೆರಾಕ್ಸ್ ಅಂಗಡಿಗೆ ಹೋದೆ. ವಿನೈಲಿನ ಚೂರುಗಳನ್ನೆಲ್ಲ ಸಾಲಾಗಿ ಅಂಟಿಸಿದ ಕಾಗದವನ್ನು ಗಾಜಿನ ಮೇಲಿಟ್ಟಾಗ ಅಂಗಡಿಯವನು, “ಎನ್ನಕ್ಕಾ, ಸ್ಟಿಕ್ಕರುಕ್ಕೂ ಜೆರಾಕ್ಸಾ?” ಎಂದು ತಮಿಳಿನಲ್ಲಿ ಕೇಳಿ ನಕ್ಕ. ಹೊರಬಂದ ಹಾಳೆಯಲ್ಲಿ ಕೆಂಪೂ ಗಾಢ ಹಸಿರೂ ಒಂದೇ ಕಪ್ಪು. ಯಾವುದು ಯಾವುದೆಂದು ನಾನೇ ಹೇಳಲಾರದೆ ಹೋದೆ. ಮುನಿರಾಜಪ್ಪನವರ ಕಣ್ಣು ಜೆರಾಕ್ಸ್ ಯಂತ್ರವಲ್ಲ, ಅವರಿಗೆ ನೀಲಿ ಹಳದಿಗಳು ಚೆನ್ನಾಗಿಯೇ ಕಾಣುತ್ತವೆ. ಆದರೂ ಒಂದು ಮಾತು ಸ್ಪಷ್ಟವಾಯಿತು. ಅವರಿಗೆ ಬೇಕಾದದ್ದು ಬಣ್ಣದ ವ್ಯತ್ಯಾಸಕ್ಕಿಂತ ಹೆಚ್ಚಾಗಿ ಬೆಳಕು ಕತ್ತಲೆಯ ವ್ಯತ್ಯಾಸ. ಗಾಢ ಹಸಿರಿನ ಮೇಲೆ ತಿಳಿಯಾದದ್ದೇನಾದರೂ ಬರಬೇಕು.

ಬಣ್ಣಗಳನ್ನು ಜೋಡಿಸಹೊರಟರೆ ಬೇರೆ ತಾಪತ್ರಯ. ತಮಿಳುನಾಡಿನಲ್ಲಿ ಗಾಡಿಗೆ ಬಣ್ಣ ಆರಿಸುವುದೆಂದರೆ ಪಕ್ಷ ಆರಿಸಿದ ಹಾಗೆ. ಕಪ್ಪು ಕೆಂಪು ಜೋಡಿಸಿದರೆ ಒಂದು ಪಕ್ಷ, ನಡುವೆ ಬಿಳಿ ಸೇರಿಸಿದರೆ ಅದರ ಎದುರಾಳಿ. ಹಳದಿ ಕೆಂಪು ಹಾಕಿದರೆ ಗಡಿಯ ಈಚೆ ನಿಂತು ಆಚೆಯ ಬಾವುಟ ಬೀಸಿದಂತೆ. ಅಚ್ಚ ಬಿಳಿ ಪಟ್ಟೆ ಹಾಕೋಣವೆಂದರೆ ಅವರು ಒಪ್ಪಲಿಲ್ಲ. “ಬಿಳೀದು ಯಾರ್ ಬೇಕಾದ್ರೂ ಆರಿಸ್ತಾರೆ ಬಿಡಿ. ಗೊತ್ತಿಲ್ದೋನು ಆರಿಸೋದೇ ಬಿಳೀದು” ಎಂದರು. ನೀಲಿ ತೋರಿಸಿದೆ, ಸಪ್ಪೆ ಎಂದರು. ಬೆಳ್ಳಿಯ ಬಣ್ಣ ತೋರಿಸಿದೆ, ಕಬ್ಬಿಣದ ಬೀರು ಥರ ಇದೆ ಎಂದರು.

ಕೊನೆಗೊಂದು ದಿನ ಅವರೇ ಮಾದರಿಗಳ ಆಲ್ಬಮ್ ತಿರುವಿ ಹಾಕಿ, ಒಂದು ಹಾಳೆಯ ಮೇಲೆ ಬೆರಳಿಟ್ಟರು. ಕಣ್ಣು ಕೋರೈಸುವ ಹಳದಿ. “ಇದು ನಂಗೆ ಯಾವತ್ತೂ ಮೋಸ ಮಾಡಿಲ್ಲ ಮೇಡಂ. ಅರಿಶಿನ, ಸೇವಂತಿಗೆ, ಹಳದಿ ಅಂದ್ರೆ ಹಳದಿನೇ. ಇದೇ ಹೊಡೀರಿ” ಎಂದರು. ಅಷ್ಟು ದಿನದಲ್ಲಿ ಅವರ ದನಿಯಲ್ಲಿ ಅಂಥ ಗಟ್ಟಿತನ ಕೇಳಿರಲಿಲ್ಲ.

ತೊಡಕಿದ್ದದ್ದು ಅದರಲ್ಲೇ. ಆ ಹೊತ್ತಿಗೆ ಬೆಂಗಳೂರಿನಲ್ಲಿ ಗ್ಯಾಸಿನ ಆಟೋಗಳು ಬಂದಿದ್ದವು. ಹಸಿರು ಮೈ, ಹಳದಿ ಟಾಪು. ಅತ್ತಿಬೆಲೆ ದಾಟಿದರೆ ರಸ್ತೆಯ ತುಂಬ ಅವೇ. ಹಸಿರು ಕಾರಿನ ಮೇಲೆ ಹಳದಿ ಪಟ್ಟೆ ಹೊಡೆದರೆ ಮಂಟಪದ ಬಾಗಿಲಲ್ಲಿ ಮೊದಲು ನಿಂತವನೇ ‘ಮೀಟರ್ ಹಾಕ್ಲಾ’ ಎನ್ನುತ್ತಿದ್ದ. ಅವರಿಗೆ ಆ ಆಟೋದ ಹಸಿರು ಕಾಣದು, ಹೋಲಿಕೆ ಹೊಳೆಯದು. ಹೇಳದೆ ಬಿಟ್ಟರೆ ಅವರು ಯಾವುದಕ್ಕೆ ಹೆದರಿದ್ದರೋ ಅದರ ಬಾಯಿಗೇ ಅವರನ್ನು ಕಳಿಸಿದಂತೆ. ಹೇಳಿದೆ.

“ಆಟೋನಾ?” ಎಂದು ಜೋರಾಗಿ ನಕ್ಕರು. ನಗು ನಿಂತ ಮೇಲೆ ಆಲ್ಬಮ್ ಮುಚ್ಚಿ ಪಕ್ಕಕ್ಕಿಟ್ಟರು. “ನೋಡಿ, ನಂಗೇ ಅಂತ ಇದ್ದಿದ್ದು ಒಂದೇ ಬಣ್ಣ. ಅದ್ನೂ ಆಟೋದೋರು ತಕ್ಕೊಂಡ್ಬುಟ್ರು.”

ಅವರು ಹೋದ ಮೇಲೆ ನನಗೆ ಆ ದಿನ ಕೆಲಸ ಸಾಗಲಿಲ್ಲ. ಒಂದು ಬಣ್ಣ ತೀರಾ ಕೂಗಾಡಿದರೆ ಕಾರ್ಖಾನೆಯಲ್ಲಿ ಅದಕ್ಕೆ ಬಿಳಿ ಬೆರೆಸಿ ಸಮಾಧಾನ ಮಾಡುತ್ತಿದ್ದೆವು. ವಿನೈಲಿಗೆ ಬೆರೆಸಲಾಗದು, ಹುಡುಕಬೇಕು. ಬೆಂಗಳೂರಿಗೆ ಹೋಗಿ ಸಗಟು ಅಂಗಡಿಗಳನ್ನು ಸುತ್ತಿ ಹಳದಿಯಿಂದ ಬಿಳಿಯ ಕಡೆ ಹೋಗುವ ಛಾಯೆಗಳನ್ನೆಲ್ಲ ತಂದೆ. ನಿಂಬೆ, ಬಾಳೆಹಣ್ಣು, ಗಂಧ, ಬೆಣ್ಣೆ. ನಾವು ಇಟ್ಟುಕೊಂಡ ಹೆಸರುಗಳು ಇವು, ಕಂಪನಿಯವರು ಬರೀ ನಂಬರ್ ಕೊಡುತ್ತಾರೆ. ಮುಂದಿನ ಸಲ ಬಂದಾಗ ಸಾಲಾಗಿ ಬಾನೆಟ್ ಮೇಲೆ ಇಟ್ಟೆ. ಅವರು ಹಿಂದೆ ಮುಂದೆ ಓಡಾಡಿ, ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿ ಬಂದರು. ಬೆಣ್ಣೆಯ ಬಣ್ಣದ ಮೇಲೆ ಕೈಯಿಟ್ಟರು.

“ಇದ್ರಾಗೆ ಹಳದಿ ಐತೆ. ಒಳಗೆಲ್ಲೋ ಕೂತೈತೆ” ಎಂದರು. ನಿಜ, ನನಗೂ ಅದೇ ಕಂಡಿತ್ತು. ಕಾರ್ಖಾನೆ ಬಿಟ್ಟ ಮೇಲೆ ಮೊದಲ ಸಲ, ನನಗೆ ಕಂಡದ್ದೇ ಇನ್ನೊಬ್ಬರಿಗೂ ಕಂಡಿತ್ತು. ಅದೂ ಈ ಮನುಷ್ಯನಿಗೆ.

ಇನ್ನು ಫಿನಿಶ್. ಒಂದೇ ಬಣ್ಣದ ವಿನೈಲ್ ಮೂರು ಬಗೆಯಲ್ಲಿ ಬರುತ್ತದೆ. ಗ್ಲಾಸಿ ಎಂದರೆ ಕನ್ನಡಿಯಂತೆ ಹೊಳೆಯುವುದು, ಮ್ಯಾಟ್ ಎಂದರೆ ಹೊಳಪೇ ಇಲ್ಲದ್ದು, ಎರಡರ ನಡುವಿನದು ಸ್ಯಾಟಿನ್. ಹೊಳೆಯುವುದನ್ನು ಬಾನೆಟ್ ಮೇಲೆ ಹಾಕಿದರೆ ಚಾವಣಿ ಇಲ್ಲದ ಕಾರಿನಲ್ಲಿ ಮಧ್ಯಾಹ್ನದ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಮ್ಯಾಟ್ ನೋಡಲು ಗಂಭೀರ, ಆದರೆ ಬಾಗಲೂರು ಕಡೆಯ ಕೆಂಪು ದೂಳು ಕೂತರೆ ತೊಳೆದರೂ ಬಿಡದು. ಈ ವಿಷಯದಲ್ಲಿ ನಾವಿಬ್ಬರೂ ಹೊಟ್ಟೆ ತುಂಬ ಜಗಳವಾಡಿದೆವು. ಅವರಿಗೆ ಮ್ಯಾಟ್ ಬೇಕು, ನನಗೆ ಸ್ಯಾಟಿನ್. ಬಣ್ಣದಲ್ಲಿ ಹಿಂಜರಿಯುವ ಆ ಮನುಷ್ಯ ಹೊಳಪಿನ ವಿಷಯಕ್ಕೆ ಬಂದರೆ ಪಟ್ಟು ಬಿಡುತ್ತಿರಲಿಲ್ಲ. ಎರಡು ತುಂಡನ್ನೂ ಪೇಂಟಿಗೆ ತಾಗದಂತೆ ಕಾರಿನ ಮುಂದಿನ ಗಾಜಿನ ಮೂಲೆಗೆ ಅಂಟಿಸಿ, ಅವರು ಒಂದು ವಾರ ಹೊಲಕ್ಕೂ ಮನೆಗೂ ಓಡಿಸಿಕೊಂಡು ಬಂದರು. ಮ್ಯಾಟ್ ತುಂಡು ರೊಟ್ಟಿ ಸುಟ್ಟ ಹೆಂಚಿನಂತಾಗಿತ್ತು. “ಸರಿ, ನಿಮ್ದೇ ಗೆದ್ದಿದ್ದು” ಎಂದರು. ಆ ಜಗಳದ ವಾರದಷ್ಟು ಸಂತೋಷ ಆ ಅಂಗಡಿಯಲ್ಲಿ ನಾನು ಮತ್ತೆ ಕಂಡದ್ದು ಕಡಿಮೆ.

ಪಟ್ಟೆಯ ಜಾಗದಲ್ಲಿ ಮಾತ್ರ ನಾನು ಸೋತೆ. ಕಾರಿನ ಪಟ್ಟೆ ನಟ್ಟನಡುವೆ ಇರಬೇಕು, ಎಡಬಲ ಸಮನಾಗಿರಬೇಕು ಎಂಬುದು ನನ್ನ ನಂಬಿಕೆ. ಎಂಟಿಂಚಿನ ಜೋಡಿ ಪಟ್ಟೆಗಳನ್ನು ನಡುವೆ ಗುರುತು ಹಾಕಿಯೂ ಬಿಟ್ಟಿದ್ದೆ. ಅವರು ಸೀಟಿನಲ್ಲಿ ಕೂತು, ಸ್ಟೀರಿಂಗ್ ಹಿಡಿದು, ತಲೆಯಾಡಿಸಿದರು.

“ನಡುಮಧ್ಯ ಹಾಕಿದ್ರೆ ಎದುರ್ಗಡೆಯಿಂದ ಬರೋರ್ಗೆ ಚೆಂದ. ನಾನ್ ಕೂತಿರೋದು ಬಲಗಡೆ. ನನ್ ಮುಂದಕ್ಕೆ ತಕ್ಕೊಂಬನ್ನಿ.”

“ಎಡಗಡೆ ಬೋಳು ಕಾಣುತ್ತೆ” ಎಂದೆ.

“ಕಾಣ್ಲಿ ಬಿಡಿ. ಎಡಗಡೆ ಯಾರೂ ಕೂರಲ್ಲ” ಎಂದರು.

ನಾನು ನಡುವಿನ ಗುರುತುಗಳನ್ನು ಅಳಿಸಿದೆ. ಎರಡು ಪಟ್ಟೆಗೆ ಬದಲು ಹತ್ತಿಂಚಿನ ಒಂದೇ ಪಟ್ಟೆ, ಬಲಬದಿಗೆ, ಚಾಲಕನ ಕಣ್ಣಿನ ನೇರಕ್ಕೆ, ಬಾನೆಟ್ಟಿನ ತುದಿಯಿಂದ ಡಿಕ್ಕಿಯ ತುದಿಯವರೆಗೆ ಎಂದು ತೀರ್ಮಾನವಾಯಿತು. ಏಪ್ರಿಲ್ ಮೂರನೆಯ ವಾರ ಅಂಟಿಸಿದೆ. ಸೋಪಿನ ನೀರು ಚಿಮುಕಿಸಿ, ವಿನೈಲ್ ಹಾಸಿ, ನಡುವಿನಿಂದ ಅಂಚಿಗೆ ಸ್ಕ್ವೀಜಿ ಎಳೆಯುತ್ತಾ ಬರುವುದು. ಹೆಡ್‌ಲೈಟಿನ ಬಳಿಯ ಬಾಗಿನಲ್ಲಿ ಬಿಸಿಗಾಳಿ ಊದಿ ಹಾಳೆಯನ್ನು ಮೆತ್ತಗೆ ಮಾಡಿ ಕೂರಿಸುವುದು. ಒಂದು ಗುಳ್ಳೆಯೂ ಏಳಲಿಲ್ಲ. ಮುಗಿಸಿ ನೋಡಿದರೆ, ನನ್ನ ಹಟ ಎಷ್ಟು ತಪ್ಪಾಗಿತ್ತೆಂದು ತಿಳಿಯಿತು. ಒಂದು ಬದಿಗೆ ಸರಿದ ಆ ಪಟ್ಟೆಯಿಂದ ಪುಟ್ಟ ಕಾರಿಗೊಂದು ಗತ್ತು ಬಂದಿತ್ತು.

ಹೊರಡುವ ಮೊದಲು ಅವರು ಒಂದು ಮಾತು ಕೇಳಿದರು. “ಅವತ್ತು ನೀವೂ ಬರ್ಬೇಕು. ಯಾರಾದ್ರೂ ನಕ್ರೆ ಯಾಕ್ ನಕ್ರು ಅಂತ ನಂಗೆ ಗೊತ್ತಾಗಲ್ಲ. ನೀವಿದ್ರೆ ಹೇಳ್ತೀರ.”

ಒಂಟಿ ಹೆಂಗಸು ಹೆಂಡತಿ ಸತ್ತವರ ತೆರೆದ ಕಾರಿನಲ್ಲಿ ಕೂತು ಬಾಗಲೂರಿಗೆ ಹೋದರೆ ಊರು ಏನೆನ್ನುತ್ತದೆಂದು ನನಗೆ ಗೊತ್ತಿತ್ತು. ಆದರೆ ಅವರು ಕೇಳಿದ ರೀತಿಗೆ ಇಲ್ಲವೆನ್ನಲಾಗಲಿಲ್ಲ. ಏಪ್ರಿಲ್ ಕೊನೆಯ ಆ ಭಾನುವಾರ ಅಂಗಡಿಗೆ ಬೀಗ ಹಾಕಿ, ಸೆರಗನ್ನು ತಲೆಗೆ ಸುತ್ತಿಕೊಂಡು ಎಡಗಡೆ ಸೀಟಿನಲ್ಲಿ ಕೂತೆ. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಅವರು ನೇರ ಮುಂದೆ, ಬಾನೆಟ್ ಮೇಲಿನ ಪಟ್ಟೆಯನ್ನೂ ರಸ್ತೆಯನ್ನೂ ನೋಡುತ್ತ ಓಡಿಸಿದರು.

ಮಂಟಪದ ಮುಂದೆ ನಿಲ್ಲಿಸುತ್ತಲೇ ಹತ್ತು ಹನ್ನೆರಡು ಜನ ಸುತ್ತಿಕೊಂಡರು. ಎಲ್ಲ ಅವರ ಓರಗೆಯವರು. ಬಾನೆಟ್ ತಟ್ಟಿದರು, ಇಂಜಿನ್ ಎಷ್ಟು ಸಿಸಿ ಎಂದರು, ಲೀಟರಿಗೆ ಎಷ್ಟು ಕೊಡುತ್ತದೆ ಎಂದರು. ನನ್ನ ಬದಿಯಲ್ಲಿ ನಿಂತ ಯಾರೋ ಮೆಲ್ಲಗೆ ಏನೋ ಹೇಳಿ ಎಲ್ಲರೂ ಗೊಳ್ಳೆಂದು ನಕ್ಕರು. ಮುನಿರಾಜಪ್ಪ ಥಟ್ಟನೆ ನನ್ನ ಕಡೆ ತಿರುಗಿದರು. ಆ ಕಣ್ಣುಗಳನ್ನು ನಾನು ಮರೆತಿಲ್ಲ.

“ಮಳೆ ಬಂದ್ರೆ ಕೊಡೆ ಹಿಡ್ಕೊಂಡು ಓಡಿಸ್ತೀರ ಅಂತ ಕೇಳ್ತಿದ್ದಾರೆ” ಎಂದೆ.

ಅವರು ಉಸಿರು ಬಿಟ್ಟರು. ಪಟ್ಟೆಯ ಬಗ್ಗೆ ಯಾರೂ ನಗಲಿಲ್ಲ. ಇಬ್ಬರು ಮೂವರು ಚೆನ್ನಾಗಿದೆ ಎಂದರು, ಒಬ್ಬರು ಎಲ್ಲಿ ಮಾಡಿಸಿದೆ ಎಂದು ಕೇಳಿದರು. ಕೋಳಿ ಸಾರು, ಮುದ್ದೆಯ ಊಟವಾದ ಮೇಲೆ ತಿಮ್ಮರಾಯಪ್ಪ ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು ಹೊತ್ತು ಕಾರು ನೋಡಲು ಬಂದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಮುನಿರಾಜಪ್ಪ ಕಾಯುತ್ತ ನಿಂತಿದ್ದರು. ತಡೆಯಲಾರದೆ ಅವರೇ ಬಾಯಿ ಬಿಟ್ಟರು.

“ಬಣ್ಣ ಎಂಗೈತ್ಲಾ? ಪಟ್ಟೆ ನಾನೇ ಆರಿಸಿದ್ದು.”

“ಬೋ ಚೆನ್ನಾಗೈತೆ ಕಣ್ಲಾ” ಎಂದರು ತಿಮ್ಮರಾಯಪ್ಪ. ಬಾನೆಟ್ಟಿಗೆ ಒರಗಿ ನಿಂತು, ಆಯಾಸದ ದನಿಯಲ್ಲಿ ಮುಂದುವರಿಸಿದರು. “ನೀನೇ ಪುಣ್ಯವಂತ ನೋಡು. ನಮ್ ಜತೆ ಪ್ಯಾಕ್ಟ್ರಿಗೆ ಬರ್ದೆ ಒಳ್ಳೇದ್ ಮಾಡ್ದೆ. ಜಮೀನ್ ಬಿಟ್ಟು ಬರಲ್ಲ ಅಂತ ಆವಾಗ್ಲೇ ಅಂದ್ಬುಟ್ಟೆ ಅಲ್ವಾ ನೀನು?”

ಮುನಿರಾಜಪ್ಪ ಗೆಳೆಯನ ಮುಖವನ್ನೇ ನೋಡಿದರು. ಅಲ್ಲಿ ಕುಹಕವಿರಲಿಲ್ಲ, ನಾಟಕವೂ ಇರಲಿಲ್ಲ. ಆ ಮನುಷ್ಯನಿಗೆ ನಿಜವಾಗಿಯೂ ನೆನಪಿರಲಿಲ್ಲ. ಚುಕ್ಕಿ ಪುಸ್ತಕವಿಲ್ಲ, ಬಸ್ಸಿನ ಕಿಟಕಿಯ ಕೂಗಿಲ್ಲ, ತಾನೇ ಇಟ್ಟ ಹೆಸರೂ ಇಲ್ಲ.

“ಊ ಕಣ್ಲಾ” ಎಂದರು ಮುನಿರಾಜಪ್ಪ. “ಜಮೀನಿತ್ತು.”

ವಾಪಸು ಅವರೇ ಕರೆತಂದರು. ಅಂಗಡಿಯ ಮುಂದೆ ನಿಲ್ಲಿಸಿ, ಇಂಜಿನ್ ಆರಿಸಿದ ಮೇಲೆ, ನನ್ನ ಕಡೆ ನೋಡದೆಯೇ ಕೇಳಿದರು.

“ಇಷ್ಟ್ ವರ್ಷ ಅದ್ನ ನಾನೊಬ್ನೇ ಇಟ್ಕೊಂಡಿದ್ನಾ ಮೇಡಂ?”

“ಯಾರೂ ನಗಲಿಲ್ಲವಲ್ಲ ಮುನಿರಾಜಪ್ಪ, ನೀವು ಕೇಳಿದ್ದು ಅಷ್ಟೇ ತಾನೆ” ಎಂದೆ.

“ನಕ್ಕಿದ್ರೇ ಚೆನ್ನಾಗಿರೋದು” ಎಂದರು.

ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡು, ಬಾನೆಟ್ ಕಡೆ ಗಲ್ಲ ಎತ್ತಿ ತೋರಿಸಿದರು. “ಪಟ್ಟೆ ಮಾತ್ರ ಚೆನ್ನಾಗೈತೆ. ನಂಗ್ ಕಾಣ್ತೈತೆ. ಬತ್ತೀನಿ” ಎಂದು ಹೊರಟುಹೋದರು.

ಆಮೇಲೆ ಅವರು ಅಂಗಡಿಗೆ ಬರಲಿಲ್ಲ. ಬರುವ ಅಗತ್ಯವಿರಲಿಲ್ಲ. ನಮ್ಮ ಕಸುಬಿನ ಸಂಕಟವೇ ಅದು, ಕೆಲಸ ಕೆಟ್ಟರೆ ಗಿರಾಕಿ ಮರುದಿನವೇ ಬಂದು ಬಯ್ಯುತ್ತಾನೆ, ಚೆನ್ನಾಗಿ ಮಾಡಿದರೆ ವರ್ಷಗಟ್ಟಲೆ ಮುಖ ತೋರಿಸುವುದಿಲ್ಲ. ಒಂದೆರಡು ವಾರ ನಾನು ಹೂವಿನ ಮಾರುಕಟ್ಟೆ ಮುಗಿಯುವ ಹೊತ್ತಿಗೆ ರಸ್ತೆಯ ಕಡೆ ನೋಡಿದ್ದುಂಟು. ಎಲ್ಲೋ ಒಂದು ಗುಳ್ಳೆಯಾದರೂ ಏಳಬಾರದಿತ್ತೇ ಅನ್ನಿಸಿದ್ದೂ ಉಂಟು. ವೃತ್ತಿಯವಳು ಹೇಳಬಾರದ ಮಾತು ಇದು.

ಆ ಕೆಲಸ ನನಗೆ ಕಲಿಸಿದ್ದು ಬಣ್ಣದ ಪಾಠವಲ್ಲ. ಪಟ್ಟೆ, ಹೆಸರು, ಚಿತ್ರ ಇವೆಲ್ಲ ನೋಡುವವರಿಗಾಗಿ ಎಂದೇ ನಾನು ತಿಳಿದಿದ್ದೆ. ನೋಡುವವರು ಎಷ್ಟು ಬೇಗ ಮರೆಯುತ್ತಾರೆ, ನಾವು ಅವರ ಕಣ್ಣನ್ನು ಎಷ್ಟು ಕಾಲ ಹೊತ್ತು ತಿರುಗುತ್ತೇವೆ ಎಂಬುದು ಗೊತ್ತಿರಲಿಲ್ಲ. ಅಂಗಡಿ ಮುಚ್ಚುವವರೆಗೂ, ಯಾವ ಗಿರಾಕಿ ಬಂದರೂ, ಆಲ್ಬಮ್ ತೆರೆಯುವ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತಿದ್ದೆ, “ಇದನ್ನು ಯಾರು ನೋಡಬೇಕು ಅಂತ ನಿಮಗಾಸೆ?” ಕೆಲವರು ನಗುತ್ತಿದ್ದರು. ಹೆಚ್ಚಿನವರು ಉತ್ತರ ಹೊಳೆಯದೆ ಸುಮ್ಮನಾಗುತ್ತಿದ್ದರು. ಅದೇ ಪ್ರಶ್ನೆಯನ್ನು ಯಾರಾದರೂ ನನಗೆ ಕೇಳಿದ್ದರೆ, ನಾನೂ ಸುಮ್ಮನಾಗುತ್ತಿದ್ದೆ.